ಜುಲೈ ಕೊನೆಯ ಸಂತೆ: ಬೇಸ್‌ಬಾಲ್ ಟ್ರೇಡ್ ಡೆಡ್‌ಲೈನ್ ಬಗ್ಗೆ ಹಳೇ ಗಿರಾಕಿಯ ವಿಮರ್ಶೆ

ತಂಡ: ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್. ಬಳಕೆ: 2011ರಿಂದ, ತಪ್ಪದೆ. ಖರ್ಚು: ಕೆಲವು ಪಂದ್ಯಗಳ ಸೀಸನ್ ಟಿಕೆಟ್, ಟಿವಿ ಚಂದಾ, ಜುಲೈ ಕೊನೆಯ ವಾರದ ನಿದ್ದೆ. ರೇಟಿಂಗ್: ಐದಕ್ಕೆ ಮೂರು.

ಬೇಸ್‌ಬಾಲ್ ಅಷ್ಟಾಗಿ ನೋಡದವರಿಗೆ ಮೊದಲು ಎರಡು ಮಾತು. ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಂದು ತಂಡ ಸೀಸನ್‌ಗೆ 162 ಪಂದ್ಯ ಆಡುತ್ತದೆ. ಅದರಲ್ಲಿ ಐವತ್ತು ಚಿಲ್ಲರೆ ಪಂದ್ಯ ಬಾಕಿ ಇರುವಾಗ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದಕ್ಕೆ ಗಡುವು ಮುಗಿಯುತ್ತದೆ. 1986ರಿಂದ ಅದು ಜುಲೈ 31. ಅದಕ್ಕೆ ಮುಂಚೆ ಜೂನ್ 15 ಇತ್ತು. ಈಗೀಗ ಒಂದೆರಡು ದಿನ ಆಚೀಚೆ ಆಗುತ್ತದೆ: 2022ರಲ್ಲಿ ಆಗಸ್ಟ್ 2, 2024ರಲ್ಲಿ ಜುಲೈ 30. ಗಡುವು ಮುಗಿಯುವುದು ನ್ಯೂಯಾರ್ಕ್ ಸಮಯ ಸಂಜೆ 6ಕ್ಕೆ. ನಾನಿರುವ ಸನ್ನಿವೇಲ್‌ನಲ್ಲಿ ಆಗ ಮಧ್ಯಾಹ್ನ 3, ಅಂದರೆ ಆಫೀಸಿನ ಮೀಟಿಂಗ್ ಹೊತ್ತು. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಮಾರನೇ ದಿನ ಬೆಳಗಿನ ಜಾವ ಮೂರೂವರೆ.

ಪ್ಲೇಆಫ್ ಆಸೆ ಇರುವ ತಂಡ ಹೆಸರು ಮಾಡಿದ ಆಟಗಾರನನ್ನು ತರುತ್ತದೆ. ಬದಲಿಗೆ ಕೊಡುವುದು ಹೆಚ್ಚಾಗಿ ದುಡ್ಡನ್ನಲ್ಲ, ಮೈನರ್ ಲೀಗ್‌ನಲ್ಲಿ ಪಳಗುತ್ತಿರುವ ಇಪ್ಪತ್ತರ ಆಸುಪಾಸಿನ ಹುಡುಗರನ್ನು. ಬರುವವನ ಕಾಂಟ್ರಾಕ್ಟ್ ಅದೇ ವರ್ಷ ಮುಗಿಯುವಂತಿದ್ದರೆ ಅವನನ್ನು ಬಾಡಿಗೆ ಆಟಗಾರ ಅನ್ನುತ್ತಾರೆ. ಸೀಸನ್ ಮುಗಿದ ಮೇಲೆ ಅವನು ಎಲ್ಲಿಗೆ ಬೇಕಾದರೂ ಹೋಗಬಹುದು. ಕೊಟ್ಟ ಹುಡುಗ ಮಾತ್ರ ವಾಪಸ್ ಬರುವುದಿಲ್ಲ.

ಐಪಿಎಲ್ ನೋಡುವವರಿಗೂ ಟ್ರೇಡ್ ಹೊಸದಲ್ಲ. 2023ರ ನವೆಂಬರ್‌ನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್ ಬಿಟ್ಟು ಮುಂಬೈಗೆ ಹೋದರು, ಮುಂಬೈನ ಕ್ಯಾಮರಾನ್ ಗ್ರೀನ್ ನಮ್ಮ ಆರ್‌ಸಿಬಿಗೆ ಬಂದರು. ಆದರೆ ಅದೆಲ್ಲ ಟೂರ್ನಿ ಮುಗಿದು ತಿಂಗಳುಗಳಾದ ಮೇಲೆ, ಆರಾಮಾಗಿ. ಇಲ್ಲಿ ನಿನ್ನೆ ನಮ್ಮ ಬಟ್ಟೆ ತೊಟ್ಟವನು ನಾಳೆ ನಮ್ಮ ವಿರುದ್ಧವೇ ಬ್ಯಾಟ್ ಹಿಡಿದು ನಿಲ್ಲಬಹುದು. ಅವನನ್ನು ಯಾರೂ ಕೇಳುವುದಿಲ್ಲ. ಬೇಡ ಅನ್ನಬೇಕಾದರೆ ಕಾಂಟ್ರಾಕ್ಟ್‌ನಲ್ಲೇ ಆ ಷರತ್ತು ಬರೆಸಿಕೊಂಡಿರಬೇಕು. ಇಲ್ಲವೇ ಲೀಗ್‌ನಲ್ಲಿ ಹತ್ತು ವರ್ಷ ಕಳೆದು, ಕೊನೆಯ ಐದು ವರ್ಷ ಒಂದೇ ತಂಡದಲ್ಲಿರಬೇಕು. ಅಷ್ಟು ವರ್ಷ ಉಳಿಯುವವರು ಎಷ್ಟು ಜನ ಹೇಳಿ?

ಇದು ಎಷ್ಟು ಒರಟು ವ್ಯವಹಾರ ಅಂತ ತಿಳಿಯಬೇಕಿದ್ದರೆ 2015ರ ಜುಲೈ 29ರ ನ್ಯೂಯಾರ್ಕ್ ಮೆಟ್ಸ್ ಪಂದ್ಯದ ವಿಡಿಯೊ ಹುಡುಕಿ ನೋಡಿ. ವೆನೆಜುವೆಲಾದ ವಿಲ್ಮರ್ ಫ್ಲೋರೆಸ್ 16ನೇ ವಯಸ್ಸಿಗೇ ಮೆಟ್ಸ್ ಸೇರಿದ ಹುಡುಗ. ಅವನನ್ನು ಮಿಲ್ವಾಕಿಗೆ ಕೊಟ್ಟುಬಿಟ್ಟಿದ್ದಾರೆ ಅನ್ನುವ ಸುದ್ದಿ ಪಂದ್ಯದ ಮಧ್ಯೆಯೇ ಫೋನುಗಳಲ್ಲಿ ಹಬ್ಬಿತು. ಗ್ಯಾಲರಿಯಲ್ಲಿದ್ದವರಿಗೆಲ್ಲ ಗೊತ್ತು, ಮೈದಾನದಲ್ಲಿದ್ದ ಅವನಿಗೆ ಗೊತ್ತಿಲ್ಲ. ಕೊನೆಗೆ ಪ್ರೇಕ್ಷಕರ ಬಾಯಿಂದಲೇ ಅವನಿಗೆ ತಿಳಿಯಿತು. ಫೀಲ್ಡಿಂಗ್‌ಗೆ ನಿಂತಲ್ಲೇ ತೋಳಿನಿಂದ ಕಣ್ಣೊರೆಸಿಕೊಂಡ. ಆಮೇಲೆ ನೋಡಿದರೆ ಮೆಡಿಕಲ್ ವರದಿಯ ತಕರಾರಿನಿಂದ ಆ ಟ್ರೇಡೇ ಮುರಿದುಬಿತ್ತು. ಎರಡು ದಿನ ಬಿಟ್ಟು ಅದೇ ಫ್ಲೋರೆಸ್ 12ನೇ ಇನ್ನಿಂಗ್ಸ್‌ನಲ್ಲಿ (ಮಾಮೂಲಿ ಒಂಬತ್ತು, ಸಮ ಆದರೆ ಮುಂದುವರಿಯುತ್ತದೆ) ಹೋಮ್ ರನ್ ಹೊಡೆದು ಪಂದ್ಯ ಗೆಲ್ಲಿಸಿ, ಎದೆಯ ಮೇಲಿನ ಮೆಟ್ಸ್ ಹೆಸರನ್ನು ಹಿಡಿದು ತೋರಿಸುತ್ತಾ ಓಡಿ ಬಂದ. ಅವನ ಜೊತೆ ಮಿಲ್ವಾಕಿಗೆ ಹೋಗಬೇಕಿದ್ದ ಇನ್ನೊಬ್ಬ, ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಝ್ಯಾಕ್ ವೀಲರ್. ಈ ಹೆಸರಿಗೂ ನನ್ನ ಹೊಟ್ಟೆಯುರಿಗೂ ಹಳೇ ನಂಟಿದೆ.

2010ರಲ್ಲಿ ಜೈಂಟ್ಸ್ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್ ಸರಣಿ, ಗೆದ್ದಿತ್ತು. ಮರುವರ್ಷ ಪಿಚಿಂಗ್ ಭರ್ಜರಿ, ಬ್ಯಾಟಿಂಗ್ ಸಪ್ಪೆ. ಹಾಗಾಗಿ ಜುಲೈನಲ್ಲಿ ಮೆಟ್ಸ್‌ನಿಂದ ಕಾರ್ಲೊಸ್ ಬೆಲ್ಟ್ರಾನ್ ಬಂದ. ಕೊಟ್ಟದ್ದು ವೀಲರ್‌ನನ್ನು, 2009ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಪದ್ಧತಿ) ಆರನೆಯವನಾಗಿ ಆರಿಸಿದ ಹುಡುಗನನ್ನು. ಬೆಲ್ಟ್ರಾನ್ ಆಡಿದಾಗ ಚೆನ್ನಾಗಿಯೇ ಆಡಿದ. ಆದರೆ ನಡುವೆ ಕೈ ನೋವು, ತಂಡ ಪ್ಲೇಆಫ್ ತಲುಪಲಿಲ್ಲ, ಆತ ಸೇಂಟ್ ಲೂಯಿಸ್‌ಗೆ ಹೊರಟುಹೋದ. ವೀಲರ್ ಮುಂದೆ ಫಿಲಡೆಲ್ಫಿಯಾದ ಮುಖ್ಯ ಪಿಚರ್ ಆಗಿ ವರ್ಲ್ಡ್ ಸೀರೀಸ್‌ವರೆಗೂ ಹೋದ. ಅವನು ನಮ್ಮ ವಿರುದ್ಧ ಪಿಚ್ ಮಾಡುವ ದಿನ ನಮ್ಮ ಮನೆಯಲ್ಲಿ ಟಿವಿ ವಾಲ್ಯೂಮ್ ತಾನಾಗೇ ಕಡಿಮೆಯಾಗುತ್ತದೆ.

ಇಷ್ಟಾದರೂ ನಾನು ಗಿರಾಕಿಯಾಗಿ ಉಳಿದಿದ್ದರೆ ಕಾರಣ 2012.

ಆ ವರ್ಷ ಬಂದ ದೊಡ್ಡ ಹೆಸರು ಹಂಟರ್ ಪೆನ್ಸ್, ಫಿಲಡೆಲ್ಫಿಯಾದಿಂದ. ಅದಕ್ಕೆ ಕೆಲವೇ ದಿನ ಮುಂಚೆ, ಸದ್ದಿಲ್ಲದೆ, ಕೊಲರಾಡೊದಿಂದ ಮಾರ್ಕೊ ಸ್ಕುಟಾರೊ ಬಂದ. 36 ವರ್ಷದ ಎರಡನೇ ಬೇಸ್ (ರನ್‌ಗೆ ಓಡುವಾಗ ಮುಟ್ಟಬೇಕಾದ ನೆಲೆ) ಕಾಯುವ ಆಟಗಾರ, ಚಾರ್ಲಿ ಕಲ್ಬರ್ಸನ್ ಎಂಬ ಹುಡುಗನಿಗೆ ಬದಲಿ. ಪತ್ರಿಕೆಗಳಲ್ಲಿ ಎರಡು ಸಾಲಿನ ಸುದ್ದಿ. ನಮಗೆ ಆಗ ಬೇಕಿದ್ದದ್ದು ಎರಡನೇ ಬೇಸ್‌ನಲ್ಲಿ ನೆಟ್ಟಗೆ ನಿಲ್ಲುವ, ಚೆಂಡನ್ನು ಸುಮ್ಮನೆ ಬ್ಯಾಟಿಗೆ ತಾಗಿಸಿ ಆಟ ಮುಂದುವರಿಸುವ ಒಬ್ಬ. ಸ್ಕುಟಾರೊ ಮಾಡಿದ್ದು ಅಷ್ಟೇ. 61 ಪಂದ್ಯದಲ್ಲಿ .362 ಸರಾಸರಿ, ಅಂದರೆ ಸಾವಿರ ಸಲ ಬ್ಯಾಟ್ ಹಿಡಿದರೆ 362 ಹಿಟ್ (ಬೇಸ್ ತಲುಪಿಸುವ ಹೊಡೆತ) ಅನ್ನುವ ಲೆಕ್ಕ. ದೊಡ್ಡ ಹೆಸರಿನ ಪೆನ್ಸ್‌ದು .219.

ಅಕ್ಟೋಬರ್‌ನಲ್ಲಿ ಇಬ್ಬರೂ ಬೇಕಾದರು. ಸಿನ್ಸಿನಾಟಿ ವಿರುದ್ಧ 0-2 ಹಿಂದೆ ಬಿದ್ದಾಗ ಡ್ರೆಸಿಂಗ್ ರೂಮಿನಲ್ಲಿ ಎಲ್ಲರನ್ನೂ ಸುತ್ತ ಸೇರಿಸಿ ಕೂಗಾಡಿ ಹುರಿದುಂಬಿಸಿದವನು ಪೆನ್ಸ್. ಮೂರೂ ಪಂದ್ಯ ಗೆದ್ದರು. ಮುಂದಿನ ಸುತ್ತಿನಲ್ಲಿ ಸೇಂಟ್ ಲೂಯಿಸ್. ಆ ಕಡೆ ನಮ್ಮ ಹಳೇ ಬಾಡಿಗೆದಾರ ಬೆಲ್ಟ್ರಾನ್! ಎರಡನೇ ಪಂದ್ಯದಲ್ಲಿ ಮ್ಯಾಟ್ ಹಾಲಿಡೇ ಬೇಸ್‌ಗೆ ಜಾರುವ ನೆಪದಲ್ಲಿ ಸ್ಕುಟಾರೊ ಮೈಮೇಲೇ ಬಂದು ಬಿದ್ದ. ಸ್ಕುಟಾರೊ ಸೊಂಟ ಹಿಡಿದುಕೊಂಡ. ಅಲ್ಲಿಗೆ ಮುಗಿಯಿತು ಅಂದುಕೊಂಡವರೇ ಜಾಸ್ತಿ. ಆ ಸರಣಿಯಲ್ಲಿ ಅವನು ಬಾರಿಸಿದ್ದು 14 ಹಿಟ್, ಸರಣಿಶ್ರೇಷ್ಠನೂ ಅವನೇ. ಏಳನೇ ಪಂದ್ಯದಲ್ಲಿ ಪೆನ್ಸ್ ಬ್ಯಾಟ್ ಮುರಿಯಿತು. ಮುರಿಯುತ್ತಲೇ ಅದು ಚೆಂಡಿಗೆ ಮೂರು ಸಲ ತಾಗಿತು. ನಿಧಾನಗತಿ ವಿಡಿಯೊದಲ್ಲಿ ಕಾಣುತ್ತದೆ. ಚೆಂಡು ವಕ್ರವಾಗಿ ತಿರುಗಿ ಫೀಲ್ಡರ್‌ನನ್ನು ದಾಟಿತು, ರನ್ ಬಂದವು. ಕೊನೆಯ ಇನ್ನಿಂಗ್ಸ್‌ಗೆ ಜೋರು ಮಳೆ. ಕೊನೆಯ ಬ್ಯಾಟರ್ ಅದೇ ಹಾಲಿಡೇ. ಅವನು ಎತ್ತಿ ಹೊಡೆದ ಚೆಂಡು ಇಳಿದದ್ದು ನೇರ ಸ್ಕುಟಾರೊ ಕೈಗೆ. ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯದಲ್ಲೂ ಹತ್ತನೇ ಇನ್ನಿಂಗ್ಸ್‌ನಲ್ಲಿ ಗೆಲುವಿನ ರನ್ ತಂದ ಹಿಟ್ ಅವನದೇ.

ಅಂದಿನಿಂದ ಜುಲೈನಲ್ಲಿ ನಾನು ನೋಡುವುದು ಬಂದವನ ಹೆಸರನ್ನಲ್ಲ. ತಂಡದಲ್ಲಿ ತೂತು ಎಲ್ಲಿದೆ, ಬಂದವನು ಅಲ್ಲಿ ನಿಲ್ಲುತ್ತಾನಾ, ಅಷ್ಟೇ. 2014ರಲ್ಲಿ ಬಾಸ್ಟನ್‌ನಿಂದ ಜೇಕ್ ಪೀವಿ ಬಂದದ್ದೂ ಅಂಥದ್ದೇ. ಪಿಚರ್ ಬೇಕಿತ್ತು, ಬಂದ, ವರ್ಷ ಕೊನೆಗೆ ಕಪ್ ಬಂತು.

ಹಾಗಂತ ಸರಿಯಾದ ತೂತಿಗೆ ಸರಿಯಾದವನನ್ನು ತಂದರೂ ಗ್ಯಾರಂಟಿ ಇಲ್ಲ. 2016ರಲ್ಲಿ ಮ್ಯಾಟ್ ಡಫಿಯನ್ನು ಟ್ಯಾಂಪಾಗೆ ಕೊಟ್ಟು ಪಿಚರ್ ಮ್ಯಾಟ್ ಮೂರ್‌ನನ್ನು ತಂದರು. ಡಫಿ ಊರಿಗೆಲ್ಲ ಇಷ್ಟದವನು, ಅವನ ದಪ್ಪ ಬೆಕ್ಕು ಸ್ಕೀಟರ್‌ಗೂ ಅಭಿಮಾನಿಗಳಿದ್ದರು. ಕೊನೆಯ ಇನ್ನಿಂಗ್ಸ್‌ಗಳಲ್ಲಿ ಬರುವ ಬದಲಿ ಪಿಚರ್‌ಗಳು ಕೈಕೊಡುತ್ತಿದ್ದರು ಅಂತ ವಿಲ್ ಸ್ಮಿತ್‌ನನ್ನೂ ತಂದರು. ಅಕ್ಟೋಬರ್ 11, ಶಿಕಾಗೊ ಕಬ್ಸ್ ಎದುರು. ಮೂರ್ ಎಂಟು ಇನ್ನಿಂಗ್ಸ್ ಪಿಚ್ ಮಾಡಿ ಕೊಟ್ಟದ್ದು ಎರಡೇ ಹಿಟ್. 5-2 ಮುನ್ನಡೆ. ಒಂಬತ್ತನೆಯದಕ್ಕೆ ಒಬ್ಬರಾದ ಮೇಲೆ ಒಬ್ಬರಂತೆ ಐದು ಪಿಚರ್ ಬಂದರು. ಸಮಬಲದ ಹಿಟ್ ಬಿಟ್ಟುಕೊಟ್ಟವನು ವಿಲ್ ಸ್ಮಿತ್‌. 6-5, ಮನೆಗೆ. ಒಂದೇ ಡೆಡ್‌ಲೈನ್‌ನ ಇಬ್ಬರು, ಒಂದೇ ರಾತ್ರಿ, ಒಬ್ಬ ಕಟ್ಟಿದ್ದನ್ನು ಕಾಯಲು ಇನ್ನೊಬ್ಬನ ಕೈಲಾಗಲಿಲ್ಲ.

2021 ಇನ್ನೂ ಕಷ್ಟ. ಜೈಂಟ್ಸ್ 107 ಪಂದ್ಯ ಗೆದ್ದ ವರ್ಷ, ತಂಡದ ದಾಖಲೆ. ಜುಲೈ 30ರಂದು ನಾವು ಕಬ್ಸ್‌ನಿಂದ ಕ್ರಿಸ್ ಬ್ರಯಂಟ್‌ನನ್ನು ತಂದೆವು. ಆಫೀಸಿನಲ್ಲಿ ಜೈಂಟ್ಸ್ ಅಭಿಮಾನಿಗಳೆಲ್ಲ ಹಬ್ಬದ ಮೂಡಿನಲ್ಲಿದ್ದೆವು. ಅದೇ ದಿನ ಲಾಸ್ ಏಂಜಲೀಸ್ ಡಾಡ್ಜರ್ಸ್‌ನವರು ವಾಷಿಂಗ್ಟನ್‌ನಿಂದ ಮ್ಯಾಕ್ಸ್ ಶೆರ್ಜರ್ ಮತ್ತು ಟ್ರೇ ಟರ್ನರ್ ಇಬ್ಬರನ್ನೂ ಒಟ್ಟಿಗೆ ಎತ್ತಿಕೊಂಡರು. ಅವರಿಗೆ 106 ಗೆಲುವು. ಪ್ಲೇಆಫ್‌ನಲ್ಲಿ ಎದುರಾಬದುರಾಗಿ 2-2. ಐದನೇ ಪಂದ್ಯದ ಒಂಬತ್ತನೇ ಇನ್ನಿಂಗ್ಸ್, ನಾವು 1-2 ಹಿಂದೆ. ಪಿಚ್ ಮಾಡುತ್ತಿರುವವನು ಶೆರ್ಜರ್. ಮೊದಲ ಬೇಸ್‌ನಲ್ಲಿ ಬ್ರಯಂಟ್. ಬ್ಯಾಟ್ ಹಿಡಿದು ನಿಂತವನು ಯಾರು ಗೊತ್ತಾ? ವಿಲ್ಮರ್ ಫ್ಲೋರೆಸ್. 2020ರಲ್ಲಿ ನಮ್ಮ ತಂಡ ಸೇರಿದ್ದ. ಎರಡು ಸ್ಟ್ರೈಕ್ ಆಗಿತ್ತು; ಬೀಸಿ ತಪ್ಪಿದರೆ ಮೂರನೆಯದು, ಔಟ್. ಮುಂದಿನ ಚೆಂಡಿಗೆ ಬ್ಯಾಟ್ ಅರ್ಧ ಬೀಸಿ ತಡೆದ. ತಡೆದ ಅಂತಲೇ ನಾವೆಲ್ಲ ಇಂದಿಗೂ ಹೇಳುವುದು. ಅಂಪೈರ್ ಬೀಸಿದ ಅಂದರು. ಆಟ ಮುಗಿಯಿತು. ಶೆರ್ಜರ್‌ಗೆ ಅದು ವೃತ್ತಿಜೀವನದ ಮೊದಲ ಸೇವ್ (ಕೊನೆಗೆ ಬಂದು ಮುನ್ನಡೆ ಕಾಯ್ದು ಗೆಲ್ಲಿಸಿದ ಪಿಚರ್‌ಗೆ ಸಿಗುವ ಲೆಕ್ಕ).

ನಮ್ಮ ಟ್ರೇಡ್ ಕೆಟ್ಟದಿರಲಿಲ್ಲ. ಅವರದ್ದು ನಮಗಿಂತ ಒಂದು ಕೈ ಮೇಲಿತ್ತು. ಇದೊಂದನ್ನು ಯಾರೂ ಮುಂಚೆ ಹೇಳುವುದಿಲ್ಲ: ಎದುರಾಳಿಗೂ ಅದೇ ದಿನ, ಅದೇ ಗಂಟೆಯವರೆಗೆ ಬಾಗಿಲು ತೆರೆದಿರುತ್ತದೆ.

ಇನ್ನು ಸೇವೆಯ ಕೊರತೆಗಳು. ವದಂತಿ ಹಾವಳಿ ವಿಪರೀತ. ಹೆಸರಾಂತ ವರದಿಗಾರರ ಹೆಸರಿನಲ್ಲಿ ನಕಲಿ ಖಾತೆ ತೆರೆದು ಸುಳ್ಳು ಟ್ರೇಡ್ ಹಬ್ಬಿಸುವವರು ಪ್ರತಿ ಜುಲೈಗೂ ಹಾಜರ್. ನಾನು ದುಡ್ಡು ಕೊಟ್ಟು ಹಾಕಿಸಿಕೊಂಡ ಒಂದು ಆ್ಯಪ್‌ನ ಅಲರ್ಟ್, ಸುದ್ದಿ ಊರೆಲ್ಲ ಸುತ್ತಿ ಬಂದ ಮೇಲೆ ಬರುತ್ತದೆ. ಜೆರ್ಸಿ ವಿಷಯದಲ್ಲಂತೂ ಹುಷಾರು. ಹಿಂಬದಿ ಹೆಸರು ಹಾಕಿಸಿದ ಜೆರ್ಸಿ ತಲುಪುವ ಮುಂಚೆಯೇ ಆಟಗಾರ ಬೇರೆ ಊರು ಸೇರಿದ್ದ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ನನ್ನ ಹೆಂಡತಿ ಅದನ್ನು ತೊಟ್ಟು ಗಿಡಕ್ಕೆ ನೀರು ಹಾಕುತ್ತಾಳೆ.

2022ರಿಂದ ಪ್ಲೇಆಫ್‌ಗೆ 12 ತಂಡ ಹೋಗುವಂತಾಗಿದೆ. ಇದರಿಂದ ಮಧ್ಯದಲ್ಲಿ ತೇಲುವ ತಂಡಗಳು ಕೊನೆ ಗಳಿಗೆವರೆಗೂ ಕೊಳ್ಳೋಣವಾ ಮಾರೋಣವಾ ಅಂತ ಮೀನಮೇಷ ಎಣಿಸುತ್ತವೆ. 2019ರಿಂದ ಆಗಸ್ಟ್‌ನಲ್ಲಿ ಟ್ರೇಡ್ ಮಾಡುವ ಹಿಂಬಾಗಿಲನ್ನೂ ಮುಚ್ಚಿಬಿಟ್ಟಿದ್ದಾರೆ. ಮರೆತದ್ದನ್ನು ಆಮೇಲೆ ತರೋಣ ಅನ್ನುವ ಹಾಗಿಲ್ಲ.

ನಮ್ಮದೂ ಅಂಥದೇ ಮಧ್ಯದ ತಂಡ. 2025ರಲ್ಲಿ ನಮ್ಮ ಹಳೇ ಆಟಗಾರ ಬಸ್ಟರ್ ಪೋಸಿ ಆಡಳಿತದಲ್ಲಿ ಜೂನ್ 15ಕ್ಕೇ ರಫಾಯೆಲ್ ಡೆವರ್ಸ್ ಬಂದ. ದೊಡ್ಡ ಕೊಳ್ಳುವಿಕೆ. ಆರು ವಾರ ಕಳೆಯುವಷ್ಟರಲ್ಲಿ ಅದೇ ತಂಡ ಮಾರಾಟಕ್ಕೆ ಕೂತಿತು. ಕೈಯನ್ನು ನೆಲಕ್ಕೆ ತಾಗಿಸುವಂತೆ ಬಗ್ಗಿ, ಗಂಟೆಗೆ 83 ಮೈಲಿಯ ಆಸುಪಾಸಿನಲ್ಲಿ ಎಸೆದು ಬ್ಯಾಟರ್‌ಗಳನ್ನು ಪೇಚಿಗೆ ಸಿಕ್ಕಿಸುತ್ತಿದ್ದ ಟೈಲರ್ ರೋಜರ್ಸ್ ಮೆಟ್ಸ್‌ಗೆ ಹೋದ. ಅದೇ ದಿನ ಅವನ ಅವಳಿ ಸೋದರ ಟೇಲರ್‌ನನ್ನು ಸಿನ್ಸಿನಾಟಿಯವರು ಬೇರೆ ಕಡೆ ಕಳಿಸಿದರು. ಅವರ ತಾಯಿಯ ಫೋನು ಅವತ್ತು ಎಷ್ಟು ಸಲ ಹೊಡೆದುಕೊಂಡಿತೋ! ಕಮೀಲೊ ಡೊವಾಲ್ ಯಾಂಕೀಸ್‌ಗೆ. ಮೈಕ್ ಯಸ್ಟ್ರೆಮ್ಸ್ಕಿ ಕನ್ಸಾಸ್ ಸಿಟಿಗೆ. 28 ವರ್ಷಕ್ಕೆ ಮೊದಲ ಪಂದ್ಯ ಆಡಿದ, ಆರು ವರ್ಷ ನಮ್ಮ ಬಲ ಮೈದಾನ ಕಾದ ಮನುಷ್ಯ. ಸೀಸನ್ ಮುಗಿದಾಗ ಲೆಕ್ಕ 81 ಗೆಲುವು, 81 ಸೋಲು.

ಆ ಡೆಡ್‌ಲೈನ್‌ನ ಮಾರನೇ ಬೆಳಗ್ಗೆ ಪಂಡಿತರು ಎಲ್ಲ ತಂಡಗಳಿಗೂ ಎ, ಬಿ, ಸಿ ಅಂತ ಅಂಕ ಹಂಚಿದರು. ನಾನು ಹಂಚುವುದಿಲ್ಲ. ಸ್ಕುಟಾರೊಗೆ ಅವತ್ತು ಯಾರು ಎ ಕೊಟ್ಟಿದ್ದರು? ರೋಜರ್ಸ್ ಬದಲಿಗೆ ಬಂದದ್ದು ಹೊಸೆ ಬುಟ್ಟೊ, ಬ್ಲೇಡ್ ಟಿಡ್‌ವೆಲ್, ಡ್ರೂ ಗಿಲ್ಬರ್ಟ್. ಮೂವರ ಹೆಸರನ್ನೂ ಫ್ರಿಜ್ ಮೇಲೆ ಬರೆದು ಅಂಟಿಸಿದ್ದೇನೆ. ಈ ಭಾಗದ ಸ್ಟಾರ್ ಖಾಲಿ ಬಿಟ್ಟಿದ್ದೇನೆ, 2028ರಲ್ಲಿ ಬಂದು ತುಂಬುತ್ತೇನೆ.