ಬೀದರ್ ಥಂಡಿಗಿ ಸೋಲಾರ್ ವಾಟರ್ ಹೀಟರ್: ಟ್ಯೂಬಿಗಿಂತ ಮೊದಲ ಟ್ಯಾಂಕ್ ನೋಡ್ರಿ

ನಮ್ಮ ಮಾಳಗಿ ಮ್ಯಾಲ 200 ಲೀಟರಿನ ಟ್ಯೂಬ್ ಸೋಲಾರ್ ಕೂಡ್ಸೀವಿ, ಒಂದು ಚಳಿಗಾಲ ಪೂರಾ ವಾಪರ್ಸಿದ ಮ್ಯಾಲೇ ಇದು ಬರೀಲತ್ತೀನಿ. ಬೀದರ್‌ನಾಗ ಬಿಸಿಲಿಗೇನೂ ಕಮ್ಮಿ ಇಲ್ರಿ, ಡಿಸೆಂಬರ್‌ದಾಗೂ ಮಧ್ಯಾಹ್ನ ನೀರು ಛಲೋ ಕಾಯ್ತದ. ಆದ್ರ ಬಿಸಿಲು ಬೀಳೋದು ಹಗಲಿಗಿ, ಮನಿ ಮಂದಿ ಜಳಕ ಮಾಡೋದು ಹೊತ್ತು ಹುಟ್ಟೋ ಮೊದಲ, ನಡುವಿನ ಆ ಥಂಡಿ ರಾತ್ರಿ ಪೂರಾ ಕಾವು ಹಿಡಿದಿಡೋದು ಟ್ಯಾಂಕಿನ ಕೆಲಸ.

ನಮ್ದರಾಗ ಒಳಗಿನ ಟ್ಯಾಂಕಿಗೂ ಹೊರಗಿನ ತಗಡಿಗೂ ನಡುವ 50 ಎಂಎಂ ಪಫ್ (ಕಾವು ಹಿಡಿದಿಡೋ ಪಾಲಿಯುರೆಥೇನ್ ಫೋಮ್) ತುಂಬ್ಯಾರ. ಜನವರಿಯಾಗ ಒಮ್ಮೆ ಥರ್ಮಾಮೀಟರ್ ಹಿಡಿದು ನೋಡಿದ್ರ ಸಂಜಿ 6ಕ್ಕ 62 ಡಿಗ್ರಿ, ಮುಂಜಾನಿ 6ಕ್ಕ 55. ಇದಕ್ಕ ಪೂರಾ ಮಾರ್ಕ್ಸ್. ಟ್ಯೂಬಿನ ಹಿಕಮತ್ತೂ ಮಸ್ತ್ ಅದ, ಎರಡು ಗಾಜಿನ ನಡುವಿನ ಗಾಳಿ ತೆಗೆದಿರ್ತಾರ, ಒಳಗಿನ ಗಾಜಿನ ಕರಿ ಲೇಪ ಬಿಸಿಲು ಹೀರ್ಕೋತದ, ಕಾವು ಹೊರಗ ಹೋಗಲಾಕ ದಾರೀನೇ ಸಿಗಂಗಿಲ್ಲ, ಬಿಸಿಯಾದ ನೀರು ಹಗುರಾಗಿ ತಾನೇ ಟ್ಯಾಂಕಿಗಿ ಏರ್ತದ, ತಣ್ಣಂದು ಕೆಳಗ ಇಳೀತದ, ಪಂಪ್ ಗಿಂಪ್ ಏನೂ ಬ್ಯಾಡ.

ಫಿಟಿಂಗಿಗಿ ಮಾತ್ರ ಮಾರ್ಕ್ಸ್ ಕೊಡಂಗಿಲ್ಲ. ಅಂಗಡಿಯವರು ಕಳಿಸಿದ ಮಂದಿ ಬಚ್ಚಲಿಗಿ ಇಳಿಯೋ ಪೈಪು ಹಂಗೇ ಬರಿಮೈಲೆ ಬಿಟ್ಟು ಹೋದ್ರು. ಒಬ್ಬರ ಜಳಕ ಆಗಿ ಇನ್ನೊಬ್ಬರು ಹೋಗೋದ್ರಾಗ ಪೈಪ್‌ನಾಗಿನ ನೀರು ಆರಿ ಮತ್ತ ಅರ್ಧ ಬಕೀಟು ತಣ್ಣೀರು. ಫೋನ್ ಹಚ್ಚಿದ್ರ "ಎಲ್ಲಾರ ಮನ್ಯಾಗೂ ಹಂಗೇ ಬರ್ತದ್ರಿ" ಅಂದ್ರು. ಆಮ್ಯಾಲೆ ನಾವೇ ಕರಿ ಫೋಮ್ ಪೈಪ್ ತಂದು ಸುತ್ತಿದ್ವಿ, ಈಗ ಮೊದಲನೇವ್ರಿಗಷ್ಟೇ ಕಾಯೋದು, ಹಿಂದಿನವ್ರಿಗಿ ನಳ ತಿರುವಿದ ಕೂಡ್ಲೇ ಬಿಸಿ.

200 ಲೀಟರ್ ನೀರು 30 ಡಿಗ್ರಿ ಏರ್ಸಲಾಕ ಕರೆಂಟ್ ಗೀಜರಿಗಿ 7 ಯೂನಿಟ್ ಬೇಕು, ನಮ್ಮ ದೇಶದಾಗ ಒಂದು ಯೂನಿಟಿಗಿ ಸುಮಾರು 700 ಗ್ರಾಂ ಕಾರ್ಬನ್ ಡೈಆಕ್ಸೈಡ್, ಅಂದ್ರ ದಿನಕ್ಕ 5 ಕಿಲೋ ಹತ್ತಿರ ಉಳೀತು. ಕೆನಡಾದ ಓಕೋಟೋಕ್ಸ್ ಊರಾಗ 144 ಬೋರ್ ಕೊರೆದು ಬೇಸಿಗಿ ಕಾವು ನೆಲದಾಗ ಇಟ್ಟು ಚಳಿಗಾಲಕ್ಕ 52 ಮನಿ ಮೊದಲ ಬೆಚ್ಚಗ ಮಾಡ್ತಿದ್ರು, ನಮಗ ಒಂದು ರಾತ್ರಿ ಹಿಡಿದಿಟ್ರ ಸಾಕು, ಅದಕ್ಕೇ ತಗೋಳೋರು ಪಫ್ ಎಷ್ಟು ದಪ್ಪ ಅಂತ ಮೊದಲ ಕೇಳ್ರಿ, ಪೈಪಿಗಿ ಫೋಮ್ ಹಾಕೋದು ಬಿಲ್‌ನಾಗೇ ಬರೆಸ್ಕೋರಿ. ಬೋರಿನ ಗಡಸು ನೀರು ಇದ್ರ ಟ್ಯೂಬಿನಾಗ ಬಿಳಿ ಪದರ ಕಟ್ತದ, ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸ್ರಿ. ಮಳಿಗಾಲದಾಗ ಮೋಡ ಮುಚ್ಚಿದ ದಿನಕ್ಕ ಕರೆಂಟ್ ಕಾಯಿಲ್ ಇರೋದೇ ತಗೋರಿ.