ಜೊಂಡಿನೊಳಗಿನ ಹಕ್ಕಿಗೆ 8×42 ಬೈನಾಕ್ಯುಲರ್: ಎರಡು ಚಳಿಗಾಲ ಬಳಸಿದ ಮೇಲೆ

ಎರಡು ಚಳಿಗಾಲ ಈ ಬೈನಾಕ್ಯುಲರನ್ನು ಕೊರಳಿಗೆ ಹಾಕಿಕೊಂಡು ಕೆರೆಯಂಚಿನಲ್ಲಿ ಕೂತಿದ್ದೇನೆ. ಎಲ್ಲರೂ ಮೊದಲು ಕೇಳುವುದು, ‘8 ಸಾಕಾ, 10 ಬೇಕಾ?’ ಅಂತ. 8, 10 ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವ ಲೆಕ್ಕ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ದೂರದ ನೀರಿನಲ್ಲಿ ತೇಲುವ ಬಾತುಗಳನ್ನು ನೋಡುವುದಾದರೆ 10 ತಗೊಳ್ಳಿ. ಜೊಂಡಿನ ಬುಡದಲ್ಲಿ ಓಡಾಡುವ ಪುಟ್ಟ ಹಾಡುಹಕ್ಕಿಗಳೇ ಬೇಕು ಅಂದರೆ 8 ಸಾಕು. ನನ್ನ ಪ್ರಕಾರ ಅದೇ ಸರಿ.

ನಾನು ಇದನ್ನು ಒರೆಗೆ ಹಚ್ಚಿದ್ದು ಬ್ಲೂಥ್ರೋಟ್ ನೋಡಿ. ಗುಬ್ಬಚ್ಚಿ ಗಾತ್ರ, ಆದರೆ ಕಾಲು ಉದ್ದ. ಬೇಸಿಗೆಯಲ್ಲಿ ಯುರೋಪು, ಏಷ್ಯಾದ ಉತ್ತರದ ಒದ್ದೆ ಪೊದೆನಾಡಿನಲ್ಲಿ ಮರಿ ಮಾಡಿ, ಚಳಿಗೆ ಭಾರತದ ಕಡೆಗೂ ಬರುತ್ತದೆ. ಗಂಡಾದರೆ ಹೆಚ್ಚು ಕಷ್ಟವಿಲ್ಲ. ಗಂಟಲಲ್ಲಿ ನೀಲಿ, ಅದರ ಕೆಳಗೆ ಕಪ್ಪು ಪಟ್ಟಿ, ಆಮೇಲೆ ಕೆಂಗಂದು ಪಟ್ಟಿ. ಚಳಿಗಾಲದಲ್ಲಿ ಈ ಬಣ್ಣ ಮಂಕಾಗಿರುತ್ತದೆ, ಅಷ್ಟೇ. ಗೊಂದಲ ಆಗುವುದು ಹೆಣ್ಣಿನಲ್ಲಿ. ಹೆಚ್ಚಿನವಕ್ಕೆ ನೀಲಿಯೇ ಇರುವುದಿಲ್ಲ. ಸುಮ್ನೆ ಒಂದು ಕಂದು ಹಕ್ಕಿ ಅಂತ ಬಿಟ್ಟುಬಿಡುವವರೇ ಜಾಸ್ತಿ.

ಒಂದು ಮುಂಜಾನೆ, ನೀರಿನ ಮೇಲೆ ಇನ್ನೂ ಮಂಜು ಇದ್ದಾಗ, ನನ್ನಿಂದ ಆರೇಳು ಹೆಜ್ಜೆ ದೂರದಲ್ಲಿ ಜೊಂಡಿನ ಸಂದಿಯಿಂದ ಅಂಥ ಒಂದು ಹೆಣ್ಣು ಕೆಸರಿಗೆ ಇಳಿಯಿತು. ನಾಲ್ಕು ಹೆಜ್ಜೆ ಓಡಿತು, ನಿಂತಿತು, ಬಾಲ ಎತ್ತಿತು. ಒಂದು ಕೊಳೆತ ಎಲೆ ಮಗುಚಿ ಅಡಿಯಿಂದ ಏನನ್ನೋ ಹೆಕ್ಕಿತು, ಮತ್ತೆ ಓಡಿತು. ಕಣ್ಣಿನ ಮೇಲೆ ಬಿಳಿ ಹುಬ್ಬು, ಬಿಳಿಚು ಗಂಟಲು, ಎದೆಗೆ ಅಡ್ಡಲಾಗಿ ಕಪ್ಪು ಚುಕ್ಕೆಗಳ ಸರ. ಅಷ್ಟು ಮಬ್ಬಿನಲ್ಲೂ ಆ ಚುಕ್ಕೆಗಳನ್ನು ಎಣಿಸಬಹುದಿತ್ತು! ಕಾರಣ ಸರಳ. 42ನ್ನು 8ರಿಂದ ಭಾಗಿಸಿದರೆ 5.25, ಅಂದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ 5.25 ಮಿಲಿಮೀಟರ್. 10×42ರಲ್ಲಿ ಅದು 4.2ಕ್ಕೆ ಇಳಿಯುತ್ತದೆ. ಮಬ್ಬಿನಲ್ಲಿ ನಮ್ಮ ಕಣ್ಣಿನ ಪಾಪೆ ಅಗಲವಾಗುವುದರಿಂದ ಈ ವ್ಯತ್ಯಾಸ ನೇರವಾಗಿ ಗೊತ್ತಾಗುತ್ತದೆ.

ಆಮೇಲೆ ಅದು ಹಾರಿತು. ಈ ಹಕ್ಕಿ ಮೇಲೆ ಹೋಗುವುದಿಲ್ಲ, ನೆಲಕ್ಕೆ ಸಮೀಪವಾಗಿ ಸ್ವಲ್ಪ ದೂರ ಹಾರಿ ಮತ್ತೆ ಜೊಂಡಿನೊಳಗೆ ಬಿದ್ದ ಹಾಗೆ ಇಳಿಯುತ್ತದೆ. ಆ ಒಂದು ಗಳಿಗೆಯಲ್ಲೇ ನೋಡಬೇಕಾದದ್ದು ಬಾಲ. ಬುಡದ ಎರಡೂ ಪಕ್ಕ ಇಟ್ಟಿಗೆ ಕೆಂಪು, ತುದಿ ಕಪ್ಪು. ಇದು ಕಂಡರೆ ಮುಗಿಯಿತು, ಬ್ಲೂಥ್ರೋಟೇ. ಇದೇ ತರಹ ಕಾಣುವ ಸೈಬೀರಿಯನ್ ರೂಬಿಥ್ರೋಟ್ ಹೆಣ್ಣಿನ ಬಾಲದಲ್ಲಿ ಈ ಕೆಂಪು ಇರುವುದಿಲ್ಲ. 8ರಲ್ಲಿ ನೋಟ ಸಾಮಾನ್ಯವಾಗಿ ಅಗಲ, ಕೈ ನಡುಕವೂ ಕಮ್ಮಿ ಕಾಣುತ್ತದೆ, ಅದಕ್ಕೇ ಹಾರುವ ಹಕ್ಕಿ ಚೌಕಟ್ಟಿನಿಂದ ತಪ್ಪಿಸಿಕೊಳ್ಳಲಿಲ್ಲ.

ಕನ್ನಡಕ ಹಾಕುವವರು ಕಣ್ಣಿಗೆ ಆನಿಸುವ ರಬ್ಬರ್ ಬಳೆಯನ್ನು ಪೂರ್ತಿ ಕೆಳಗೆ ತಿರುಗಿಸಿ ನೋಡಿಯೇ ಕೊಳ್ಳಿ. ಎರಡು ಮೀಟರಿನಷ್ಟು ಹತ್ತಿರದ್ದೂ ಸ್ಪಷ್ಟವಾಗಿ ಕಾಣುತ್ತದಾ ಅಂತಲೂ ಪರೀಕ್ಷಿಸಿ. ಜೊಂಡಿನ ಪಕ್ಕ ಅಲ್ಲಾಡದೆ ಕೂತರೆ ಹಕ್ಕಿ ಅಷ್ಟು ಹತ್ತಿರ ಬಂದರೂ ಬರಬಹುದು, ಅಲ್ವಾ?

ಇದರ ಜೊತೆ ಕೊಟ್ಟ ಪಟ್ಟಿ ಮಾತ್ರ ತೆಳು. ಒಂದು ಗಂಟೆಯಲ್ಲಿ ಕತ್ತು ಕೊರೆಯುತ್ತದೆ, ನಾನು ಅಗಲದ್ದು ಹಾಕಿಸಿಕೊಂಡೆ. ಅದಕ್ಕಿಂತ ದೊಡ್ಡ ದೋಷ ಫೋಕಸ್ ಗಾಲಿಯದ್ದು. ಚಳಿಯಲ್ಲಿ ಬಿಗಿಯುತ್ತದೆ, ಹಕ್ಕಿ ಹೊರಗೆ ಬಂದ ಮೇಲೆ ತಿರುಗಿಸಲು ಹೋದರೆ ಅದು ಒಳಗೆ ಹೋಗಿರುತ್ತದೆ. ಹಾಗಾಗಿ ಈಗ ಕೂತ ತಕ್ಷಣ ಜೊಂಡಿಗೂ ಕೆಸರಿಗೂ ಸೇರುವ ಗೆರೆಯ ಮೇಲೆ ಒಂದು ಕಡ್ಡಿ ಹುಡುಕಿ, ಅದಕ್ಕೆ ಫೋಕಸ್ ಮಾಡಿಟ್ಟುಕೊಂಡು ಕಾಯುತ್ತೇನೆ. ಹಕ್ಕಿ ಹೆಚ್ಚಾಗಿ ಆ ಗೆರೆಯಲ್ಲೇ ಹೊರಗೆ ಬರುತ್ತದೆ.