ಟೊಮೆಟೊ ಹುಳುವಿಗೆ ಬ್ಯೂವೇರಿಯಾ ಪುಡಿ: ಹಲವು ಬೆಳೆಗಳ ಬಳಕೆಯ ನಂತರ

ಬ್ಯೂವೇರಿಯಾ ಹೊಡೆದರೂ ಹುಳು ಸಾಯಲಿಲ್ಲ ಅನ್ನುವವರನ್ನು ಮೊದಲು ಕೇಳಬೇಕಾದ್ದು ಒಂದೇ: ಅದೇ ಕ್ಯಾನಿನಲ್ಲಿ ಹಿಂದಿನ ಸಲ ಏನು ಕಲಸಿದ್ದಿರಿ? ಬಹುಪಾಲು ಉತ್ತರ ಮ್ಯಾಂಕೋಜೆಬ್. ಈ ಪುಡಿಯಲ್ಲಿರುವುದು ಹುಳುವನ್ನು ಕೊಲ್ಲುವ ಜೀವಂತ ಶಿಲೀಂಧ್ರದ ಬೀಜಾಣು, ಅಂಗಮಾರಿ ರೋಗಕ್ಕೆ ಹೊಡೆಯುವ ಮ್ಯಾಂಕೋಜೆಬ್ ಶಿಲೀಂಧ್ರ ಕೊಲ್ಲುವ ಔಷಧಿ. ನಮಗೆ ಬೇಕಾದ ಬೂಸ್ಟು ಯಾವುದು, ಬೇಡದ್ದು ಯಾವುದು ಅಂತ ಆ ಔಷಧಿಗೆ ಹೇಗೆ ತಿಳಿಯಬೇಕು?

ಶಿಲೀಂಧ್ರನಾಶಕದ ಜೊತೆ ಸೇರಿಸಬೇಡಿ ಎಂಬ ಎಚ್ಚರಿಕೆ ಪೊಟ್ಟಣದ ಹಿಂಬದಿಯಲ್ಲಿ ಕಾಣುವುದು ಸಣ್ಣ ಅಕ್ಷರದ ಒಂದು ಸಾಲಾಗಿ. ನನ್ನ ದೊಡ್ಡ ತಕರಾರು ಇದೇ. ಬೇರೆ ಬೆಳೆಯಲ್ಲಾದರೆ ಆ ಒಂದು ಸಾಲು ಸಾಕಿತ್ತೇನೋ. ಟೊಮೆಟೊದಲ್ಲಿ ಸೋಲು ಗೆಲುವು ಎರಡೂ ಅಲ್ಲೇ ತೀರ್ಮಾನವಾಗುತ್ತವೆ. ಬ್ಯೂವೇರಿಯಾ ಬೀಜಾಣು ಚೆನ್ನಾಗಿ ಮೊಳೆಯಲು ಶೇ. 80ಕ್ಕಿಂತ ಹೆಚ್ಚು ತೇವ, 20ರಿಂದ 30 ಡಿಗ್ರಿ ಉಷ್ಣತೆ ಬೇಕು. ಮೋಡ ಕವಿದು ಎಲೆ ಒದ್ದೆಯಾಗಿಯೇ ಉಳಿಯುವ ಅಂಥ ವಾರದಲ್ಲೇ ಅಂಗಮಾರಿಯೂ ಏರಿ ಬರುತ್ತದೆ. ಪುಡಿ ಅತ್ಯುತ್ತಮವಾಗಿ ಕೆಲಸ ಮಾಡಬೇಕಾದ ಹೊತ್ತಿಗೆ ಸರಿಯಾಗಿ ಬೆಳೆಗಾರನ ಕೈ ಶಿಲೀಂಧ್ರನಾಶಕದ ಡಬ್ಬಿಗೆ ಹೋಗುತ್ತದೆ.

ಹಾಗಾಗಿ ಲೆಕ್ಕ ಹಾಕಬೇಕಾದ್ದು ದಿನಗಳನ್ನು. ಎರಡರ ನಡುವೆ ಕನಿಷ್ಠ 7 ದಿನ ಬಿಡಬೇಕು, ಸಾಧ್ಯವಾದರೆ 10. ಎರಡನ್ನೂ ಒಂದೇ ಕ್ಯಾನಿನಲ್ಲಿ ಬೆರೆಸಲೇಬಾರದು. ಬೇರೆ ಕ್ಯಾನ್ ಇಲ್ಲದಿದ್ದರೆ ಮೂರು ಸಲ ತೊಳೆಯಿರಿ. ತೊಟ್ಟಿ ಮಾತ್ರ ತೊಳೆದರೆ ಸಾಲದು. ಪೈಪು, ಜರಡಿ, ನಾಜಲ್ ಬಿಚ್ಚಿ ತೊಳೆಯಬೇಕು, ಹಳೆಯ ಔಷಧಿ ಕೂತಿರುವುದು ಅಲ್ಲೇ. ಅಂಗಮಾರಿ ಜೋರಾಗಿದ್ದರೆ ಆ ವಾರ ಬ್ಯೂವೇರಿಯಾ ಮರೆತುಬಿಡಿ, ಬಿಟಿ (ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಔಷಧಿ) ಹೊಡೆಯಿರಿ. ಬಿಟಿಯ ವಿಷ ಮೊದಲೇ ತಯಾರಾದ ಹರಳಿನ ರೂಪದಲ್ಲಿರುತ್ತದೆ, ಹುಳು ತಿಂದಾಗ ಹೊಟ್ಟೆಯಲ್ಲಿ ಕೆಲಸ ಮಾಡುತ್ತದೆ. ಅದು ಎಲೆಯ ಮೇಲೆ ಮೊಳೆಯಬೇಕಾಗಿಲ್ಲ.

ಇನ್ನೊಂದು ತಕರಾರು ಪ್ರಮಾಣದ್ದು. ಗ್ರಾಂಗೆ 10 ಕೋಟಿ ಬೀಜಾಣು ಅಂದಾಗ ದೊಡ್ಡ ಸಂಖ್ಯೆ ಅನ್ನಿಸುತ್ತದೆ. ಲೀಟರಿಗೆ 5 ಗ್ರಾಂ ಕಲಸಿದರೆ ಒಂದು ಮಿಲಿಲೀಟರಿಗೆ ಉಳಿಯುವುದು 5 ಲಕ್ಷ. ಪ್ರಯೋಗಾಲಯದಲ್ಲಿ ಹುಳು ಸಾಯಿಸಿ ತೋರಿಸುವಾಗ ಸಾಮಾನ್ಯವಾಗಿ ಮಿಲಿಲೀಟರಿಗೆ 1 ಕೋಟಿ, 10 ಕೋಟಿ ಬಳಸುತ್ತಾರೆ. ಅಷ್ಟು ತೆಳು ದ್ರಾವಣವನ್ನು ಒಂದೇ ಸಲ ಹೊಡೆದು ಪವಾಡ ಕಾಯುವುದರಲ್ಲಿ ಅರ್ಥವಿಲ್ಲ. 5ರಿಂದ 7 ದಿನಕ್ಕೊಮ್ಮೆ, ಮೂರು ಸಲವಾದರೂ ಹೊಡೆಯಬೇಕು. ಅಷ್ಟು ಸಿಂಪರಣೆಗೆ ಆಳು, ಸಮಯ ಇಲ್ಲದವರಿಗೆ ಇದು ಹೊಂದುವುದಿಲ್ಲ.

ಕಲಸುವ ಕ್ರಮ ಹೇಳಿಬಿಡುತ್ತೇನೆ. 15 ಲೀಟರ್ ಕ್ಯಾನಿಗೆ 75 ಗ್ರಾಂ. ಪುಡಿಯನ್ನು ನೇರ ಕ್ಯಾನಿಗೆ ಸುರಿದರೆ ಬೀಜಾಣು ನೀರಿನ ಮೇಲೆ ತೇಲುತ್ತವೆ, ಅವುಗಳ ಮೈ ನೀರನ್ನು ಹತ್ತಿರ ಸೇರಿಸುವುದಿಲ್ಲ. ಮೊದಲು ಬಟ್ಟಲಲ್ಲಿ ಸ್ವಲ್ಪ ನೀರು, ಕೆಲವು ಹನಿ ಅಂಟು ದ್ರಾವಣ ಹಾಕಿ ಗಂಟಿಲ್ಲದ ಹಿಟ್ಟಿನ ಹದಕ್ಕೆ ಬೆರಳಿನಲ್ಲೇ ಉಜ್ಜಬೇಕು, ಕೈಗವಸು, ಮುಖಗವಸು ಹಾಕಿಕೊಂಡು. ಅರ್ಧ ಗಂಟೆ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿದರೆ ನಾಜಲ್ ಕಟ್ಟುವುದಿಲ್ಲ. ಕ್ಲೋರಿನ್ ಹಾಕಿದ ನೀರಾದರೆ ಹಿಂದಿನ ದಿನವೇ ತುಂಬಿ ತೆರೆದಿಡಿ. ಕಲಸಿದ್ದನ್ನು ಅದೇ ಸಂಜೆ ಮುಗಿಸಬೇಕು. ರಾತ್ರಿ ಇಟ್ಟರೆ ಬೀಜಾಣು ಕ್ಯಾನಿನಲ್ಲೇ ಉಬ್ಬಿ ಮೊಳೆಯತೊಡಗುತ್ತವೆ, ಹುಳುವಿನ ಮೈಗೆ ಅಂಟುವ ಗುಣ ಕಳೆದುಕೊಳ್ಳುತ್ತವೆ. ಸಂಜೆಯೇ ಯಾಕೆಂದರೆ ಬಿಸಿಲಿನ ಅತಿನೇರಳೆ ಕಿರಣ ಕೆಲವೇ ಗಂಟೆಯಲ್ಲಿ ಅವನ್ನು ಕೊಲ್ಲುತ್ತದೆ.

ಹೊಡೆಯಬೇಕಾದ್ದು ಚಿಕ್ಕ ಹುಳುವಿಗೆ. ಬೀಜಾಣು ಚರ್ಮ ಕೊರೆದು ಒಳಗೆ ಹೋಗಲು ಒಂದೆರಡು ದಿನ ಬೇಕು, ಅಷ್ಟರಲ್ಲಿ ಹುಳು ಪೊರೆ ಕಳಚಿದರೆ ಬೀಜಾಣುವೂ ಪೊರೆಯ ಜೊತೆ ಉದುರಿಹೋಗುತ್ತದೆ. ಎರಡನೇ ಸಿಂಪರಣೆ ಇಂಥವಕ್ಕೇ. ಕಾಯಿ ಕೊರಕ ಕಾಯಿಯೊಳಗೆ ಸೇರಿದ ಮೇಲೆ, ಟೂಟಾ ಎಂಬ ಎಲೆ ಸುರಂಗದ ಹುಳು ಎಲೆಯ ಪದರದೊಳಗೆ ಇರುವಾಗ, ಹೊರಗಿನ ಹನಿ ಅವುಗಳಿಗೆ ತಲುಪುವುದು ಕಷ್ಟ. ಅದಕ್ಕೇ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆಯಲ್ಲಿ ಪತಂಗ ಹೆಚ್ಚಾದ ಕೂಡಲೇ ತುದಿ ಎಲೆಗಳಲ್ಲಿ ತತ್ತಿ ಹುಡುಕಬೇಕು, ಎಲೆಯ ಅಡಿಭಾಗ ತೋಯುವಂತೆ ಹೊಡೆಯಬೇಕು.

ಇಷ್ಟೆಲ್ಲ ಗೊಣಗಿದರೂ ಈ ಪುಡಿಯನ್ನು ಬಿಡಲು ಮನಸ್ಸಾಗದಿರುವುದಕ್ಕೆ ಕಾರಣ ಆ ಬಿಳಿ ಹುಳುಗಳು. ಹೊಡೆದ ಮರುದಿನ ಬೆಳಿಗ್ಗೆ ಹತ್ತು ಮರಿಹುಳು ಹಿಡಿದು ಒಂದೊಂದನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ, ಒಟ್ಟಿಗಿಟ್ಟರೆ ಕಾಯಿ ಕೊರಕಗಳು ಒಂದನ್ನೊಂದು ತಿನ್ನುತ್ತವೆ. ಮುಚ್ಚಳಕ್ಕೆ ಸಣ್ಣ ತೂತು, ದಿನಾ ಹೊಸ ಎಲೆ. ಔಷಧಿ ಹೊಡೆಯದ ಸಾಲಿನಿಂದಲೂ ಹತ್ತು ಹುಳು ಹೀಗೇ ಇಡಿ, ಹೋಲಿಕೆಗೆ. ಮೂರನೇ ದಿನದ ಹೊತ್ತಿಗೆ ತಿನ್ನುವುದು ಕಡಿಮೆಯಾಗುತ್ತದೆ, ಹಿಕ್ಕೆ ಕಡಿಮೆಯಾದದ್ದು ಕಣ್ಣಿಗೇ ಕಾಣುತ್ತದೆ. ನಾಲ್ಕರಿಂದ ಏಳು ದಿನದಲ್ಲಿ ಸಾಯುತ್ತದೆ, ತಂಪು ಹೆಚ್ಚಿದ್ದರೆ ಇನ್ನೂ ತಡ. ಸತ್ತದ್ದನ್ನು ಒದ್ದೆ ಕಾಗದದ ಮೇಲಿಟ್ಟು ಮುಚ್ಚಿಡಿ. ದೇಹ ಕಡ್ಡಿಯಂತೆ ಬಿಗಿಯಾಗಿರುತ್ತದೆ, ಕೆಲವೊಮ್ಮೆ ನಸುಗೆಂಪು. ಆಮೇಲೆ ಮೈಯ ಮಡಿಕೆಗಳ ಸಂದಿನಿಂದ ಬಿಳಿ ಎಳೆ ಇಣುಕುತ್ತದೆ, ಒಂದೆರಡು ದಿನದಲ್ಲಿ ಇಡೀ ಹುಳು ಸುಣ್ಣದಲ್ಲಿ ಅದ್ದಿ ತೆಗೆದಂತೆ. ಎಷ್ಟು ಸಲ ನೋಡಿದರೂ ಸಂತೋಷವಾಗುತ್ತದೆ. ಕಪ್ಪಾಗಿ, ನೀರು ಸೋರಿ ನಾರಿದರೆ ಅದು ಬೇರೆ ರೋಗ; ಸಸಿಯ ತುದಿಯಿಂದ ತಲೆಕೆಳಗಾಗಿ ಜೋತು ಕರಗಿದರೆ ಅದು ವೈರಸ್‌ನ ಕೆಲಸ, ಬ್ಯೂವೇರಿಯಾದ್ದಲ್ಲ.

ಪೊಟ್ಟಣ ಸತ್ತಿದೆಯೋ ಬದುಕಿದೆಯೋ ಅನ್ನುವುದನ್ನೂ ಇದೇ ಡಬ್ಬಿ ಹೇಳುತ್ತದೆ. ತಯಾರಿಕೆಯ ದಿನಾಂಕ ಹತ್ತಿರದ್ದನ್ನೇ ಕೊಳ್ಳಿ, ಫ್ರಿಜ್ಜಿನಲ್ಲಿ ಇಡಿ. ತಗಡಿನ ಶೆಡ್ಡಿನ ಶಾಖದಲ್ಲಿ ಬೇಸಿಗೆ ಕಳೆದ ಪುಡಿ ನೋಡಲು ಹಾಗೇ ಇರುತ್ತದೆ, ಹುಳು ಮಾತ್ರ ಬಿಳಿಯಾಗುವುದಿಲ್ಲ.

ರೇಷ್ಮೆ ಹುಳು ಸಾಕುವವರ ಪಕ್ಕದಲ್ಲಿ ಮಾತ್ರ ಇದನ್ನು ತೆರೆಯಲೂ ಬೇಡಿ. ರೇಷ್ಮೆಯ ಸುಣ್ಣಕಟ್ಟು ರೋಗ ತರುವುದು ಇದೇ ಶಿಲೀಂಧ್ರ. 1835ರಲ್ಲಿ ಇಟಲಿಯ ವಿಜ್ಞಾನಿ ಅಗೊಸ್ಟಿನೊ ಬಾಸಿ ಅದನ್ನು ಕಂಡುಹಿಡಿದದ್ದೇ ರೇಷ್ಮೆ ಹುಳುವಿನಲ್ಲಿ, ಬ್ಯೂವೇರಿಯಾ ಬ್ಯಾಸಿಯಾನಾ ಎಂಬ ಅದರ ಪೂರ್ತಿ ಹೆಸರಿನ ಎರಡನೇ ಪದವೂ ಅವನ ನೆನಪಿಗೇ. ಹಿಪ್ಪುನೇರಳೆ ಸೊಪ್ಪಿನ ಮೇಲೆ ಗಾಳಿಗೆ ಹಾರಿದ ಹನಿ ಬಿದ್ದರೂ ನೆರೆಯವರ ತಟ್ಟೆಗಳಿಗೆ ಕುತ್ತು. ಅಂಥ ಕಡೆ ಬಿಟಿಯೂ ಬೇಡ, ಅದೂ ರೇಷ್ಮೆ ಹುಳುವನ್ನು ಬಿಡುವುದಿಲ್ಲ. ಅಲ್ಲಿ ಕಾಯಿ ಕೊರಕಕ್ಕೆ ರೋಗ ತರುವ ಎನ್‌ಪಿವಿ ಎಂಬ ವೈರಸ್ ದ್ರಾವಣವೇ ಸರಿ.